ಗ್ರಾಫಿಕ್ಸ್ ಕಾರ್ಡಿಗೆ ದೊಡ್ಡ ಅಂಗಿ

ಕಂಪ್ಯೂಟರಿನಲ್ಲಿ ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿನ ಪುಟ್ಟ ಫ್ಯಾನುಗಳು ಕೆಟ್ಟಿದ್ದವು. ಅದು ಕಾದು ಕಾದು ಆಟದ ನಡುವೆಯೇ ಆಫ್ ಆಗುತ್ತಿತ್ತು. "ಇನ್ನೊಂದು ಸಲ ಆಫ್ ಆದ್ರೆ ಗುಜರಿಗೇ," ಎಂದಳು ಒಡತಿ ಮೇದಿನಿ. ಕೊನೆಯ ಪ್ರಯತ್ನವೆಂದು, ಹೊಸದು ಬಂತೆಂದು ಪಕ್ಕದ ಪ್ರೊಸೆಸರ್ ಬಿಟ್ಟಿದ್ದ, ಫ್ಯಾನಿರುವ ಹಳೆಯ ದೊಡ್ಡ ಕೂಲರನ್ನು ತಂದು ಕಾರ್ಡಿನ ಹೊಟ್ಟೆಗೆ ಬಿಗಿದಳು.

ಪ್ರೊಸೆಸರ್ ನಕ್ಕಿತು. "ನನ್ನ ಹಳೇ ಅಂಗಿ ನಿನಗೆ ದೊಡ್ಡದಾಯ್ತಲ್ಲೋ!"

ಕಾರ್ಡ್ ಕುಗ್ಗಿತು. "ಕೂಲರಣ್ಣ, ನೀನು ಅವನ ಕಡೆಯವನು. ನನ್ನ ಬಿಸಿ ನಿನಗ್ಯಾಕೆ?"

"ಬಿಸಿ ಯಾರದಾದರೂ ಸುಡೋದು ಒಂದೇ ಥರ," ಎಂದಿತು ಕೂಲರ್. "ನನ್ನ ಭಾರ ಮಾತ್ರ ತಡ್ಕೋಬೇಕು."

ಕಾರ್ಡಿಗೆ ತಡೆಯಲಾಗಲಿಲ್ಲ, ಬಾಗಿಹೋಯಿತು. ಮೇದಿನಿ ಪೆನ್ಸಿಲ್ ಅಳಿಸುವ ರಬ್ಬರನ್ನು ಕೂಲರಿನ ಕೆಳಗೆ ತುರುಕಿದಳು. "ಭಾರ ನನ್ನ ಮೇಲೆ ಬಿಡಣ್ಣ," ಎಂದಿತು ರಬ್ಬರು. ಕಾರ್ಡ್ ನೆಟ್ಟಗಾಯಿತು.

ಆಟ ಶುರುವಾಯಿತು. ಸೈನ್ಯ ನುಗ್ಗಿತು, ಕೋಟೆ ಹೊತ್ತಿ ಉರಿಯಿತು. ಕಾರ್ಡ್ ಬೆಚ್ಚಗಾಯಿತೇ ಹೊರತು ಆಫ್ ಆಗಲಿಲ್ಲ. "ಗೆದ್ವಿ!" ಎಂದು ಮೇದಿನಿ ಕುರ್ಚಿಯಿಂದ ಹಾರಿದಳು.

ಅಷ್ಟರಲ್ಲಿ ತನ್ನ ಹೊಸ ಕೂಲರು ಸಾಲದೆ ಪ್ರೊಸೆಸರ್ ಕಾದು ಏದುಸಿರು ಬಿಡುತ್ತಿತ್ತು. "ಸ್ವಲ್ಪ ಗಾಳಿ ಈ ಕಡೆಗೂ ಬರಲಪ್ಪಾ..."

"ಅಂಗಿ ದೊಡ್ಡದಾಗಿದ್ದೇ ಒಳ್ಳೇದಾಯ್ತು," ಎಂದಿತು ಕಾರ್ಡ್. "ಇಬ್ಬರಿಗೂ ಸಾಕಾಗುತ್ತೆ."