ಮರಳಿನ ಮೂಟೆ ಹೊತ್ತ ಸಿಪಾಯಿಗಳು

ಯಾವ ಕಾಲವೋ ಯಾವ ಸೀಮೆಯೋ, ಒಂದು ಬೋಳುಗುಡ್ಡದ ತುದಿಯಲ್ಲಿ ಒಂದು ಕೋಟೆ ಇತ್ತಂತೆ. ಕೋಟೆಗೊಬ್ಬ ರಾಜ, ರಾಜನಿಗೊಬ್ಬ ದಳವಾಯಿ. ದಳವಾಯಿಯ ಹೆಸರು ಚಿಕ್ಕಬೀರಣ್ಣ.

ಒಂದು ದಿನ ಶತ್ರುಗಳು ಬರ್ತಾರೆ ಅನ್ನೋ ಸುದ್ದಿ ಬಂತು. ರಾಜ ದಳವಾಯಿಯನ್ನು ಕರೆದ. "ಬೀರಣ್ಣ, ಶತ್ರುಗಳ ಮೇಲೆ ಉರುಳಿಸೋಕೆ ಕೆಳಗಿಂದ ಕೋಟೆಗೆ ಕಲ್ಲು ಹೊರೋ ತಾಕತ್ತು ಯಾವ ಸಿಪಾಯಿಗಿದೆ ನೋಡು. ಇಲ್ಲದವರನ್ನ ಮನೆಗೆ ಅಟ್ಟು" ಅಂದನಂತೆ.

ಸರಿ, ದಳವಾಯಿ ಒಂದು ಮೂಟೆಗೆ ಮರಳು ತುಂಬಿಸಿದ. ದಿನಕ್ಕೊಂದು ಗುಂಪು, ಒಬ್ಬೊಬ್ಬರಾಗಿ ಹೊತ್ತು ಗುಡ್ಡ ಹತ್ತಬೇಕು. ಮೊದಲ ದಿನ ಓಬಳ ಅನ್ನೋ ಸಿಪಾಯಿ ಮೂಟೆ ಹೊತ್ತು ಮೇಕೆ ಹತ್ತಿದ ಹಾಗೆ ಹತ್ತಿಬಿಟ್ಟ.

ಮಾರನೇ ದಿನ ನೋಡೋಕೆ ರಾಜನೇ ಬಂದ. ದಳವಾಯಿ ಹೆಮ್ಮೆಯಿಂದ ಓಬಳನನ್ನು ಮತ್ತೆ ಕರೆದ. ಓಬಳ ಅರ್ಧ ದಾರಿಯಲ್ಲೇ ಕುಸಿದು ಕೂತ! ನಿನ್ನೆ ನೆಟ್ಟಗೆ ನಿಲ್ಲಲಾರದೆ ಗೋಡೆಗೊರಗಿದ್ದ ತಿಪ್ಪಣ್ಣ ಅನ್ನೋ ಸಿಪಾಯಿ ಇವತ್ತು ಸರಸರ ಹತ್ತಿಹೋದ.

ದಳವಾಯಿಗೆ ತಲೆ ಕೆಟ್ಟುಹೋಯಿತು. ಯಾರಾದರೂ ಮೂಟೆಗೆ ಮಾಟ ಮಾಡಿದರೇ? ತಾನೇ ಹೊತ್ತು ನೋಡಿದ, ಮೂಟೆ ಮೂಟೆಯೇ. ಸಿಪಾಯಿಗಳಿಗೆ ದೃಷ್ಟಿ ತಾಗಿತೇ? ಉಪ್ಪು ಮೆಣಸಿನಕಾಯಿ ನಿವಾಳಿಸಿ ಹಾಕಿಸಿದ. ಮೂರನೇ ದಿನವೂ ಅದೇ ಕತೆ. ನಿನ್ನೆಯ ಗಟ್ಟಿಗ ಇವತ್ತು ಜೊಳ್ಳು, ನಿನ್ನೆಯ ಜೊಳ್ಳು ಇವತ್ತು ಗಟ್ಟಿಗ. ಯಾರನ್ನು ಇಟ್ಟುಕೊಳ್ಳೋದು, ಯಾರನ್ನು ಅಟ್ಟೋದು?

ಹಾಗೇ ಗೊಣಗುತ್ತಾ ಮಾರನೇ ಬೆಳಗ್ಗೆ ಸಿಪಾಯಿಗಳ ಅಡುಗೆಮನೆ ಕಡೆ ಹೋದನಂತೆ. ಅಲ್ಲಿ ನೋಡಿದರೆ, ಅವತ್ತು ಮೂಟೆ ಹೊರಬೇಕಾದವರ ಮುಂದೆ ಎರಡೆರಡು ಮುದ್ದೆ. ಮಿಕ್ಕವರು ಬರೀ ಸಾರು ಕುಡೀತಾ ಕೂತಿದ್ದಾರೆ.

"ಇದೇನೋ ಓಬಳ?"

ಓಬಳ ಎದ್ದು ಕೈಮುಗಿದ. "ಮುತ್ತಿಗೆ ಬಿದ್ರೆ ಕಾಳು ಬೇಕು ಅಂತ ದೊರೆಗಳು ನಮ್ಮ ಊಟ ಅರ್ಧ ಮಾಡವ್ರೆ ಬುದ್ಧಿ. ಅರೆಹೊಟ್ಟೇಲಿ ಮೂಟೆ ಏಳಾಕಿಲ್ಲ. ಅದಕ್ಕೇ ಅವತ್ತು ಹೊರೋರಿಗೆ ನಮ್ಮ ಮುದ್ದೆ ಕೊಡ್ತೀವಿ. ಯಾರೂ ಮನೆಗೆ ಹೋಗಬಾರದಲ್ವಾ?"

ದಳವಾಯಿ ತನ್ನ ಮನೆಯಲ್ಲಿ ಉಣ್ಣುವವನು. ಅವನಿಗೆ ಇದೊಂದೂ ಗೊತ್ತಿರಲಿಲ್ಲ. ರಾಜನ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಈಗ ರಾಜನಿಗೂ ಗಲಿಬಿಲಿ.

"ಹಾಗಾದರೆ ನಮ್ಮವರು ಗಟ್ಟಿಗರೋ ಜೊಳ್ಳೋ?"

"ನನಗೂ ತಿಳೀತಿಲ್ಲ ಮಹಾಸ್ವಾಮಿ. ಹೊಟ್ಟೆ ತುಂಬ ಇಕ್ಕಿ ನೋಡಬೇಕು."

ರಾಜ ಕಣಜದ ಬಾಗಿಲು ತೆಗೆಸಿದನಂತೆ.

ತಿಂಗಳು ಕಳೆದ ಮೇಲೆ ಮತ್ತೆ ಮೂಟೆ ಹೊರಿಸಿದರು. ಓಬಳನೂ ಹತ್ತಿದ, ತಿಪ್ಪಣ್ಣನೂ ಹತ್ತಿದ. ಒಬ್ಬಿಬ್ಬರು ಆಗಲೂ ಹತ್ತಲಿಲ್ಲ. ಅವರನ್ನು ಬಾಗಿಲ ಕಾವಲಿಗೆ ಹಾಕಿದರು. ಮಿಕ್ಕವರೆಲ್ಲ ಕೋಟೆಗೆ ಕಲ್ಲು ಹೊತ್ತು ಹಾಕಿದರು. ಶತ್ರುಗಳು ಬಂದವರು ಕೋಟೆಯ ಮೇಲೆ ಗುಡ್ಡೆ ಬಿದ್ದ ಕಲ್ಲು ನೋಡಿ, ಬಂದ ದಾರೀಲೇ ತಿರುಗಿ ಹೋದರಂತೆ.

ಅವರು ಅಲ್ಲಿ ಉಂಡು ಮಲಗಿದರು, ನಾವು ಇಲ್ಲಿ ಕತೆ ಮುಗಿಸಿ ಎದ್ದೆವು.