ವಾಹನವಿಲ್ಲದ ದಾರಿ

ಬೆಟ್ಟದ ತಪ್ಪಲಿನ ಜಲ್ಲಿ ದಾರಿಯಲ್ಲಿ ಒಂದು ಉಡ ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತ ಮಲಗಿತ್ತು. ಅಲ್ಲಿಗೆ ಬಂದ ಸೈಕಲ್ಲು ಬ್ರೇಕು ಹಾಕಿ ಕೇಳಿತು: "ಉಡರಾಯರೇ, ಇಲ್ಲಿ ವಾಹನಗಳೇ ಓಡಾಡುವುದಿಲ್ಲವೇ?"

"ಇಲ್ಲ. ದಯವಿಟ್ಟು ಯಾರಿಗೂ ಹೇಳಬೇಡಿ."

"ಛೆ, ಕಂಡಕಂಡವರಿಗೆಲ್ಲ ಹೇಳುತ್ತೇನೆಯೇ? ನಿಶ್ಶಬ್ದದ ಬೆಲೆ ಬಲ್ಲವರಿಗೆ ಮಾತ್ರ ಹೇಳುತ್ತೇನೆ" ಎಂದಿತು ಸೈಕಲ್ಲು.

ಮುಂದಿನ ಭಾನುವಾರ ಅಂಥವರು ಇನ್ನೂರು ಮಂದಿ ಬಂದರು, ಸೈಕಲ್ಲುಗಳನ್ನು ಕಾರಿನ ಮೇಲೆ ಹೇರಿಕೊಂಡು. ಒಂದು ಕಾರಿನ ಚಕ್ರದಡಿ ಸಿಕ್ಕಿ ಉಡದ ಬಾಲ ಜಜ್ಜಿಹೋಯಿತು. ಅದು ನರಳುತ್ತ ಪೊದೆಗೆ ನುಸುಳುವಾಗ, ಕಾರುಗಳ ಸಾಲಿನ ಹಿಂದೆ ಸಿಕ್ಕಿಕೊಂಡಿದ್ದ ಅದೇ ಸೈಕಲ್ಲು ಕೂಗಿತು: "ಎಂಥ ಜನ! ಒಳ್ಳೆಯ ಜಾಗವನ್ನು ಕೆಡಿಸಿಬಿಟ್ಟರು. ರಾಯರೇ, ವಾಹನವಿಲ್ಲದ ಬೇರೆ ದಾರಿ ಇದೆಯೇ?"

"ಹೆದ್ದಾರಿಗೆ ಹೋಗಿ" ಎಂದಿತು ಉಡ. "ಅಲ್ಲಿದ್ದವರೆಲ್ಲ ಈಗ ಇಲ್ಲೇ ಇದ್ದಾರೆ."