ಏರುವ ಗೆರೆ, ಮುಳುಗಿದ ಹಡಗು

ಕಡಲ ದಂಡೆಯ ಒಂದು ರಾಜ್ಯದ ಕತೆ ಇದು, ಮಕ್ಕಳೇ. ಆ ರಾಜ್ಯಕ್ಕೆ ಚಂಡಭೂಪ ಅಂತ ಒಬ್ಬ ದೊರೆ. ದೊರೆಗೆ ಒಂದು ಬಂದರು. ಬಂದರಿನಲ್ಲಿ ಒಂದು ಸುಣ್ಣದ ಗೋಡೆ. ಊರಿನವರು ಸಮುದ್ರಕ್ಕಿಂತ ಹೆಚ್ಚಾಗಿ ಆ ಗೋಡೆಯನ್ನೇ ನೋಡುತ್ತಿದ್ದರು.

ಯಾಕೆ ಅಂದರೆ, ಅಲ್ಲಿ ಹಡಗುಗಳನ್ನು ಪಾಲು ಮಾಡಿ ಮಾರುತ್ತಿದ್ದರು. ಹಡಗು ಮೆಣಸು ಹೊತ್ತು ಹೋಗಿ ಚಿನ್ನ ಹೊತ್ತು ಬಂದರೆ ಪಾಲುದಾರರಿಗೆಲ್ಲ ಹಂಚಿಕೆ. ಬಾರದಿದ್ದರೆ ಏನೂ ಇಲ್ಲ. ಹಡಗು ನೀರಿನ ಮೇಲಿರುವಷ್ಟು ದಿನ ಪಾಲುಗಳು ಪೇಟೆಯಲ್ಲಿ ಕೈಯಿಂದ ಕೈಗೆ ಹೋಗುತ್ತಿದ್ದವು. ಬೆಲೆ ಒಂದು ದಿನ ಏರುತ್ತಿತ್ತು, ಒಂದು ದಿನ ಇಳಿಯುತ್ತಿತ್ತು. ಸಂಜೆಯ ಬೆಲೆಗೆ ಗೋಡೆಯ ಮೇಲೆ ಇದ್ದಿಲಿನ ಚುಕ್ಕಿ ಇಡುತ್ತಿದ್ದರು. ಚುಕ್ಕಿಗೆ ಚುಕ್ಕಿ ಕೂಡಿಸಿದರೆ ಗೆರೆ.

ಗೆರೆ ಇದ್ದ ಮೇಲೆ ಓದುವವನು ಬೇಡವೇ? ವಾಗೀಶ ಪಂಡಿತ ಬಂದ. ಆ ಗೆರೆಯಲ್ಲಿ ಅವನಿಗೆ ಏಣಿ ಕಾಣುತ್ತಿತ್ತು, ಬೋಗುಣಿ ಕಾಣುತ್ತಿತ್ತು, ಎರಡು ಹೆಗಲುಗಳ ನಡುವೆ ಒಂದು ತಲೆ ಕಾಣುತ್ತಿತ್ತು. "ಈ ಮಟ್ಟ ದಾಟಿದರೆ ಏರುತ್ತದೆ, ದಾಟದಿದ್ದರೆ ಇಳಿಯುತ್ತದೆ" ಎನ್ನುತ್ತಿದ್ದ. ಅವನ ಮಾತು ಒಂದು ದಿನವೂ ಸುಳ್ಳಾಗಲಿಲ್ಲ. ಸುಳ್ಳಾಗುವುದಾದರೂ ಹೇಗೆ? ಗೆದ್ದವರು ಗೋಡೆಯ ಮುಂದಿನ ಕಟ್ಟೆಯ ಮೇಲೆ ಕೂತು ಅವನನ್ನು ಹೊಗಳುತ್ತಿದ್ದರು. ಕಳೆದುಕೊಂಡವರು ಊರು ಬಿಡುತ್ತಿದ್ದರು. ಹಾಗಾಗಿ ಕಟ್ಟೆಯ ಮೇಲೆ ವಿಚಾರಿಸಿದರೆ ಅವನನ್ನು ಬೈಯುವವರು ಯಾರೂ ಸಿಗುತ್ತಿರಲಿಲ್ಲ.

ಅದೇ ಊರಿನಲ್ಲಿ ದುಗ್ಗಿ ಎಂಬ ಹೆಂಗಸಿದ್ದಳು. ಹರಿದ ಹಾಯಿ ಹೊಲಿಯುವುದು ಅವಳ ಕೆಲಸ. ಗಂಡ ಜಟ್ಟಿ 'ಹಂಸಿನಿ' ಎಂಬ ಹಡಗಿನಲ್ಲಿ ಹೋಗಿದ್ದ. ಹಂಸಿನಿಯ ಗೆರೆ ಗೋಡೆಯ ಮೇಲೆ ಎಲ್ಲಕ್ಕಿಂತ ಮೇಲಿತ್ತು. ಅರ್ಧ ಹಂಸಿನಿ ದೊರೆಯದೇ ಆಗಿತ್ತು.

ಒಂದು ಬೆಳಿಗ್ಗೆ ದುಗ್ಗಿಯ ಅಂಗಳಕ್ಕೆ ಒಂದು ಕಾಗೆ ಬಂದು ಬಿತ್ತು. ಆ ಕಾಲದಲ್ಲಿ ಹಡಗಿನವರು ಪಂಜರದಲ್ಲಿ ಕಾಗೆ ಒಯ್ಯುತ್ತಿದ್ದರು. ದಿಕ್ಕು ತಪ್ಪಿದರೆ ಹಾರಿಬಿಡುತ್ತಿದ್ದರು, ಅದು ನೆಲ ಇದ್ದ ಕಡೆ ಹಾರುತ್ತಿತ್ತು. ಇದು ಹಂಸಿನಿಯ ಕಾಗೆ.

"ಹಡಗು ಮುಳುಗಿತು" ಅಂದಿತು ಕಾಗೆ. "ಕರಿಬಂಡೆಯ ಮೇಲೆ ಮೂವರು ಕೂತಿದ್ದಾರೆ. ನಿನ್ನ ಗಂಡ ಒಬ್ಬ. ದೋಣಿ ಕಳಿಸಿ."

ಕರಿಬಂಡೆಗೆ ಅರ್ಧ ದಿನದ ದಾರಿ. ಆದರೆ ದೊರೆಯ ಮುದ್ರೆ ಇಲ್ಲದೆ ಬಂದರಿನಿಂದ ಒಂದು ದೋಣಿಯೂ ಹೊರಡುವ ಹಾಗಿರಲಿಲ್ಲ. ದುಗ್ಗಿ ಕಾಗೆಯನ್ನು ಹೆಗಲ ಮೇಲೆ ಕೂರಿಸಿಕೊಂಡು ಅರಮನೆಗೆ ಓಡಿದಳು.

"ಒಡೆಯಾ, ಹಂಸಿನಿ ಮುಳುಗಿದೆಯಂತೆ. ಬಂಡೆಯ ಮೇಲೆ ಮೂವರಿದ್ದಾರಂತೆ. ಒಂದು ದೋಣಿ ಕೊಡಿ."

ದೊರೆ ಪಂಡಿತನನ್ನು ಕರೆಸಿದ. ಪಂಡಿತ ನಕ್ಕ.

"ಪ್ರಭೂ, ಗೆರೆ ಏಣಿ ಹತ್ತುತ್ತಿದೆ. ಮುಳುಗಿದ ಹಡಗು ಏಣಿ ಹತ್ತುವುದುಂಟೇ? ಲೋಕದ ಸುದ್ದಿಯೆಲ್ಲ ಆಗಲೇ ಗೆರೆಯೊಳಗೆ ಸೇರಿಕೊಂಡಿರುತ್ತದೆ."

"ನಾನು ಈಗ ತಾನೇ ಬಂದೆ" ಅಂದಿತು ಕಾಗೆ. "ನನಗಿಂತ ಮುಂಚೆ ನಿಮ್ಮ ಗೋಡೆಗೆ ಯಾರು ಹೇಳಿದರು?"

"ಕಾಗೆಗೆ ಶಾಸ್ತ್ರ ತಿಳಿಯದು" ಅಂದ ಪಂಡಿತ.

ದೊರೆ ಗಡ್ಡ ಕೆರೆದುಕೊಂಡ. "ದೋಣಿ ಕಳಿಸಿದರೆ ಜನ ಏನಂದುಕೊಳ್ಳುತ್ತಾರಮ್ಮಾ? ಹಡಗು ಹೋಯಿತು ಅಂದುಕೊಳ್ಳುತ್ತಾರೆ. ಬೆಲೆ ಬೀಳುತ್ತದೆ. ಸುಮ್ಮನೆ ಯಾಕೆ?"

ದುಗ್ಗಿ ಹೊರಗೆ ಬಂದಾಗ ಕಟ್ಟೆಯ ಮೇಲಿದ್ದ ಹಂಸಿನಿಯ ಪಾಲುದಾರ ಮಂಜಯ್ಯ ಶೆಟ್ಟರು ನಗುತ್ತ ಕೂಗಿ ಹೇಳಿದರು, "ಹೋಗೇ ದುಗ್ಗಿ, ಗಂಡನಿಗೆ ಮೀನುಸಾರು ಮಾಡಿಡು. ಚಿನ್ನ ಹೊತ್ತು ಬರುತ್ತಾನೆ."

ದುಗ್ಗಿ ಗೋಡೆಯ ಗೆರೆ ನೋಡಿದಳು. ಗೆರೆ ಮೇಲಕ್ಕೆ ಹೋಗುತ್ತಿತ್ತು. ಗಂಡ ಕ್ಷೇಮವಾಗಿ ಬರುತ್ತಿದ್ದಾನೆ ಅಂತ ಹೇಳುವ ಗೆರೆಯನ್ನು ಯಾವ ಹೆಂಡತಿ ಬೇಡ ಅಂತಾಳೆ? ಅವಳು ಮನೆಗೆ ಹೋಗಿ ಸಾರು ಮಾಡಿದಳು.

ಎರಡನೆಯ ದಿನ ಕಾಗೆ ಬಂಡೆಗೆ ಹೋಗಿ ನೋಡಿಕೊಂಡು ಮತ್ತೆ ಬಂತು.

"ಬಂಡೆಯ ಮೇಲೆ ಇಬ್ಬರಿದ್ದಾರೆ. ಒಬ್ಬನನ್ನು ಅಲೆ ಒಯ್ಯಿತು. ದೋಣಿ ಕಳಿಸಿ."

ದುಗ್ಗಿ ಓಡಿದಳು. ಅಷ್ಟರಲ್ಲಿ ಬೆಲೆ ಒಂದಿಷ್ಟು ಇಳಿದಿತ್ತು. ನಿನ್ನೆ ಕಾಗೆಯ ಮಾತಿಗೆ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಮಂಜಯ್ಯ ಶೆಟ್ಟರು ತಮ್ಮ ಪಾಲುಗಳನ್ನು ಸದ್ದಿಲ್ಲದೆ ಮಾರಿಬಿಟ್ಟಿದ್ದರು.

"ಪಂಡಿತರೇ, ಇಳಿದಿದೆಯಲ್ಲ?" ಅಂದ ದೊರೆ.

"ಏಣಿ ಹತ್ತುವವನು ನಡುವೆ ಒಮ್ಮೆ ಉಸಿರು ತೆಗೆದುಕೊಳ್ಳುತ್ತಾನೆ, ಪ್ರಭೂ. ಇಳಿದಿರುವುದೇ ಒಳ್ಳೆಯ ಲಕ್ಷಣ."

"ಇಬ್ಬರಿದ್ದಾರೆ" ಅಂದಿತು ಕಾಗೆ.

"ಏರಿದರೂ ಒಳ್ಳೆಯದು, ಇಳಿದರೂ ಒಳ್ಳೆಯದಾದರೆ ಕೆಟ್ಟದ್ದು ಯಾವಾಗ, ಪಂಡಿತರೇ?" ಅಂತ ದುಗ್ಗಿ ಕೇಳಿದಳು.

"ಅದು ಆಮೇಲೆ ತಿಳಿಯುತ್ತದೆ" ಅಂದ ಪಂಡಿತ. ಅವನು ಅಷ್ಟು ದಿನದಲ್ಲಿ ಆಡಿದ ನಿಜವಾದ ಮಾತು ಅದೊಂದೇ. ಯಾರೂ ಗಮನಿಸಲಿಲ್ಲ.

ಅಂದು ದುಗ್ಗಿ ಗೆರೆ ನೋಡಲಿಲ್ಲ. ಅಂಬಿಗರ ಕಾಲು ಹಿಡಿದಳು. "ಮುದ್ರೆ ತಗೊಂಡು ಬಾ ತಾಯೀ, ಈ ಕ್ಷಣ ಹೊರಡುತ್ತೇವೆ. ಮುದ್ರೆ ಇಲ್ಲದೆ ಹೋದರೆ ತಲೆ ತೆಗೆಸುತ್ತಾನೆ" ಅಂದರು ಅವರು.

ಮೂರನೆಯ ದಿನ ಕಾಗೆ ಬಂತು. ಅದರ ರೆಕ್ಕೆ ನೆಲಕ್ಕೆ ಎಳೆಯುತ್ತಿತ್ತು.

"ಒಬ್ಬನಿದ್ದಾನೆ. ನಿನ್ನ ಗಂಡ."

ದುಗ್ಗಿ ಅರಮನೆಗೆ ಹೋದಾಗ ಗೆರೆ ಇನ್ನೂ ಕೆಳಗೆ ಬಂದಿತ್ತು. ದೊರೆಯ ಮುಖ ಬಾಡಿತ್ತು. ಪಂಡಿತನ ಮುಖ ಮಾತ್ರ ಎಂದಿನಂತೆಯೇ ಇತ್ತು.

"ನೆಲ ಮುಟ್ಟಿದೆ, ಪ್ರಭೂ. ಚೆಂಡು ನೆಲ ಮುಟ್ಟಿದರೆ ಏನು ಮಾಡುತ್ತದೆ?"

"ಪುಟಿಯುತ್ತದೆ" ಅಂದ ದೊರೆ.

"ಒಡೆಯರಿಗೆ ಶಾಸ್ತ್ರ ಕರಗತವಾಗಿದೆ."

ದುಗ್ಗಿಗೆ ಆಗ ಒಂದು ವಿಷಯ ಅರ್ಥವಾಯಿತು. ಇವರ ಹತ್ತಿರ ಮನುಷ್ಯನ ಮಾತು ಆಡಿ ಪ್ರಯೋಜನವಿಲ್ಲ. ಬೆಲೆಯ ಮಾತು ಆಡಬೇಕು. ಅವಳು ಕಣ್ಣೊರೆಸಿಕೊಂಡು ಕೈಮುಗಿದಳು.

"ಪಂಡಿತರು ಹೇಳಿದ್ದೇ ಸರಿ, ಒಡೆಯಾ. ನಾನೇ ಕಾಗೆಯ ಮಾತು ಕೇಳಿ ಕೆಟ್ಟೆ. ಹಂಸಿನಿ ಬರುತ್ತಿದೆ. ಚಿನ್ನ ಹೊತ್ತು ಬರುವ ಹಡಗನ್ನು ಎದುರುಗೊಳ್ಳದೆ ಇರುತ್ತಾರೆಯೇ? ಆರತಿ ತಟ್ಟೆ ಹಿಡಿದು ದೋಣಿಯಲ್ಲಿ ಕರಿಬಂಡೆಯ ತನಕ ಹೋಗಬೇಕು. ಅದು ಬರುವುದನ್ನು ಮೊದಲು ಕಂಡವರು ಪಂಡಿತರು, ಅವರೇ ಮುಂದೆ ಕೂರಲಿ. ಪಂಡಿತರೇ ಎದುರುಗೊಳ್ಳಲು ಹೊರಟರು ಅಂದರೆ ಬೆಲೆ ಎಲ್ಲಿಗೆ ಹೋಗುತ್ತದೆ, ನೋಡಿ."

ದೊರೆಯ ಕಣ್ಣು ಅರಳಿತು. "ಭೇಷ್" ಅಂದ. ಮುದ್ರೆ ಒತ್ತಿದ.

ಊರಿಗೆ ಊರೇ ಕಡಲ ದಂಡೆಯಲ್ಲಿ ಸೇರಿತು. ವಾಲಗ ಬಂತು, ತಟ್ಟೆ ಬಂತು, ಹೂವಿನ ಹಾರ ಬಂತು. ಸಮುದ್ರ ಅಬ್ಬರಿಸುತ್ತಿತ್ತು. ಪಂಡಿತ ಒಂದು ಕಾಲು ದೋಣಿಯಲ್ಲಿಟ್ಟ. ಅಲೆ ಬಂತು. ಕಾಲು ತೆಗೆದ. ಇನ್ನೊಮ್ಮೆ ಇಟ್ಟ. ಅಲೆ ಬಂತು. ತೆಗೆದ. ಮೂರನೆಯ ಸಲ ಇಡಲೇ ಇಲ್ಲ.

"ನಾನು ಹೋಗುವುದಿಲ್ಲ, ಪ್ರಭೂ."

"ಯಾಕೆ? ಹಡಗು ಬರುತ್ತಿದೆಯಲ್ಲ?"

"ಹಡಗು ಎಲ್ಲಿದೆ ಅಂತ ನನಗೆ ಗೊತ್ತಿಲ್ಲ."

"ಮತ್ತೆ ಗೆರೆ?"

"ಗೆರೆಯಲ್ಲಿ ಹಡಗು ಇಲ್ಲ, ಪ್ರಭೂ. ನಿನ್ನೆ ಜನ ಎಷ್ಟು ಕೊಟ್ಟರು ಅನ್ನುವುದು ಇದೆ. ಅಷ್ಟೇ."

ವಾಲಗ ನಿಂತಿತು. ದುಗ್ಗಿ ಅದು ಯಾವುದನ್ನೂ ಕೇಳಲು ನಿಲ್ಲಲಿಲ್ಲ. ಮುದ್ರೆಯೊತ್ತಿದ ಓಲೆ ಅವಳ ಕೈಯಲ್ಲಿತ್ತು. ಅಂಬಿಗರು ಹುಟ್ಟು ಹಾಕಿದರು. ಕಾಗೆ ಮುಂದೆ ಮುಂದೆ ಹಾರಿತು.

ಹೊತ್ತು ಇಳಿಯುವಾಗ ಕರಿಬಂಡೆ ಸಿಕ್ಕಿತು. ಬಂಡೆ ಒದ್ದೆಯಾಗಿತ್ತು. ಮೇಲೆ ಯಾರೂ ಇರಲಿಲ್ಲ.

"ಬೆಳಿಗ್ಗೆ ಇದ್ದ" ಅಂದಿತು ಕಾಗೆ.

ಅವರು ಬಂಡೆಯನ್ನು ಮೂರು ಸುತ್ತು ಹಾಕಿದರು. ಆಮೇಲೆ ದೋಣಿ ತಿರುಗಿಸಿದರು.

ಊರಿನಲ್ಲಿ ಅಷ್ಟರಲ್ಲಿ ಹಂಸಿನಿಯ ಪಾಲನ್ನು ಪುಕ್ಕಟೆ ಕೊಟ್ಟರೂ ಕೇಳುವವರಿರಲಿಲ್ಲ. ಪಂಡಿತನ ಮುಖಕ್ಕೆ ಮಸಿ ಬಳಿದು, ಕತ್ತೆಯ ಮೇಲೆ ಹಿಂದುಮುಂದಾಗಿ ಕೂರಿಸಿ, ಗಡಿ ದಾಟಿಸಿದರು. ಮೋಸಗಾರನಿಗೆ ತಕ್ಕ ಶಾಸ್ತಿಯಾಯಿತು ಅಂತ ಊರು ಸಂತೋಷಪಟ್ಟಿತು. ಆ ಸಂತೋಷ ಒಂದು ವಾರ ಇತ್ತು.

ಆಮೇಲೆ ಹೊಸ ಪಂಡಿತ ಬಂದ. "ಹಳಬ ಗೆರೆ ಎಳೆದ, ಅದಕ್ಕೇ ಕೆಟ್ಟ. ನಾನು ಒಂದೊಂದು ದಿನದ ಬೆಲೆಗೆ ಒಂದೊಂದು ದೀಪದ ಕಂಬ ಬರೆಯುತ್ತೇನೆ. ಕಂಬ ಸುಳ್ಳಾಡುವುದಿಲ್ಲ" ಅಂದ. ಗೋಡೆಯ ತುಂಬ ಇಳಿದ ದಿನಕ್ಕೆ ಕೆಂಪು ಕಂಬ, ಏರಿದ ದಿನಕ್ಕೆ ಹಸಿರು ಕಂಬ ಬರೆದ. ಕಟ್ಟೆ ಮತ್ತೆ ತುಂಬಿತು. ಮೊದಲು ಬಂದು ಕೂತವನು ದೊರೆ.

ಮಂಜಯ್ಯ ಶೆಟ್ಟರು ಒಂದು ದಿನ ಹಾಯಿ ಹೊಲಿಸಲು ಬಂದರು.

"ಯೋಚನೆ ಮಾಡಿ ನೋಡಿದೆ ದುಗ್ಗಿ. ಆ ಎರಡನೆಯ ದಿನ ಗೆರೆ ಸರಿಯಾಗೇ ಹೇಳಿತ್ತು. ಇಳಿಯಿತಲ್ಲ? ಓದಿದವನಿಗೆ ತಿಳಿಯಲಿಲ್ಲ. ಶಾಸ್ತ್ರದ ತಪ್ಪಲ್ಲ ಅದು."

"ಹೌದೇನೋ ಶೆಟ್ಟರೇ" ಅಂದಳು ದುಗ್ಗಿ. ಹಲ್ಲಿನಿಂದ ದಾರ ಕಡಿದಳು.

ನೀತಿ ಕೇಳುತ್ತೀರಾ, ಮಕ್ಕಳೇ? ಬೆಲೆಯ ಗೆರೆಗೆ ನಿನ್ನೆ ಗೊತ್ತು, ನಾಳೆ ಗೊತ್ತಿಲ್ಲ. ಅದನ್ನು ಓದುವವನಿಗೂ ಗೊತ್ತಿಲ್ಲ. ಓದುವವನ ಬಾಯಿ ಮುಚ್ಚಿಸಬಹುದು, ಒಬ್ಬ ಹೆಂಗಸು ಮುಚ್ಚಿಸಿದಳು. ಕೇಳಲು ಕೂತವರನ್ನು ಎಬ್ಬಿಸಿ ಕಳಿಸುವುದು ಮಾತ್ರ ಇವತ್ತಿನವರೆಗೆ ಯಾರಿಂದಲೂ ಆಗಿಲ್ಲ.